ಭೂತಾಪದ ಒಮ್ಮತವೂ ಹೂಮಳೆಯ ಲೆಕ್ಕವೂ

ಹವಾಮಾನ ಬದಲಾವಣೆಗೆ ಮನುಷ್ಯನೇ ಕಾರಣವೆಂದು ವಿಜ್ಞಾನಿಗಳು ಒಪ್ಪಿದ್ದಾರೆಯೇ ಎಂಬ ಪ್ರಶ್ನೆ ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ಸೀಮೆಯಲ್ಲಿ ಎದ್ದಾಗ ಅದರೊಳಗೆ ಎರಡು ಪ್ರಶ್ನೆಗಳು ಬೆರೆತಿರುತ್ತವೆ: ಭೂಮಿಯ ಸರಾಸರಿ ತಾಪ ಏರಿದ್ದು ಯಾರಿಂದ ಎಂಬುದು ಒಂದು, ಈ ಮಲೆಯ ಮಳೆ ಹದ ತಪ್ಪಿದ್ದು ಯಾವುದರಿಂದ ಎಂಬುದು ಇನ್ನೊಂದು.

ಮೊದಲನೆಯದರ ಬಗ್ಗೆ ವಿವಾದ ಬಹುಮಟ್ಟಿಗೆ ಮುಗಿದಿದೆ. ಸಂಶೋಧಕಿ ನವೋಮಿ ಒರೆಸ್ಕೆಸ್ 2004ರಲ್ಲಿ ಹವಾಮಾನ ಬದಲಾವಣೆಯ ಕುರಿತ 928 ಪ್ರಬಂಧಗಳ ಸಾರಲೇಖಗಳನ್ನು ಪರಿಶೀಲಿಸಿದಾಗ ಮನುಷ್ಯನೇ ಕಾರಣವೆಂಬ ನಿಲುವನ್ನು ಅಲ್ಲಗಳೆದದ್ದು ಒಂದೂ ಸಿಗಲಿಲ್ಲ. 2013ರಲ್ಲಿ ಜಾನ್ ಕುಕ್ ಮತ್ತು ಸಂಗಡಿಗರು 11,944 ಸಾರಲೇಖಗಳನ್ನು ಓದಿ ಕೊಟ್ಟ ಶೇ. 97ರ ಅಂಕಿ ಇನ್ನೂ ಪ್ರಸಿದ್ಧವಾದರೂ ಅದನ್ನು ಎಚ್ಚರದಿಂದ ಬಳಸಬೇಕು. ಏಕೆಂದರೆ ಅವುಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಕಾರಣದ ಮಾತನ್ನೇ ಎತ್ತಿರಲಿಲ್ಲ, ಎತ್ತಿದವುಗಳಲ್ಲಿ ಮಾತ್ರ ಶೇ. 97ರಷ್ಟು ಒಪ್ಪಿದ್ದವು. ಹಾಗೆಂದು ಮೌನವನ್ನು ವಿರೋಧವೆಂದು ಎಣಿಸಲಾಗದು: ಅರೇಬಿಕಾ ಕಾಫಿ ಗಿಡದ ಬಿಳಿ ಕಾಂಡಕೊರಕದ ಬಗ್ಗೆ ಬರೆಯುವ ಕೀಟತಜ್ಞ, ಕಾಂಡಕೊರಕ ಇದೆಯೆಂದು ಮೊದಲು ಸಾಧಿಸುತ್ತ ಕೂರುವುದಿಲ್ಲ. ತಲೆಯೆಣಿಕೆಗಿಂತ ಸಾಕ್ಷ್ಯವೇ ಇಲ್ಲಿ ಬಲವಾದದ್ದು. ಸೂರ್ಯನ ಶಾಖ ಹೆಚ್ಚಿ ಭೂಮಿ ಕಾಯುತ್ತಿದ್ದರೆ ವಾತಾವರಣದ ಮೇಲಿನ ಪದರವಾದ ಸ್ತರಗೋಳವೂ ಕಾಯಬೇಕಿತ್ತು. ಅದು ತಣಿಯುತ್ತಿದೆ, ಹಸಿರುಮನೆ ಅನಿಲಗಳು, ಅಂದರೆ ನೆಲದ ಶಾಖವನ್ನು ಹಿಡಿದಿಡುವ ಇಂಗಾಲದ ಡೈಆಕ್ಸೈಡಿನಂಥವು, ಹೆಚ್ಚಿದಾಗ ಆಗಬೇಕಾದದ್ದು ಅದೇ.

ಎರಡನೆಯ ಪ್ರಶ್ನೆಗೆ ಇಂಥ ಉತ್ತರವಿಲ್ಲ. ರೊಬಸ್ಟಾ ಕಾಫಿ ಗಿಡಕ್ಕೆ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೂಮಳೆ, ಅಂದರೆ ಮೊಗ್ಗು ಅರಳಿಸುವ ಮಳೆ, ಬೇಕು. ಆಮೇಲೆ ಕಾಯಿ ಕಟ್ಟಲು ಬ್ಯಾಕಿಂಗ್ ಮಳೆ ಬರಬೇಕು. ಇದು ಗುಡುಗಿನ ಮೋಡಗಳು ಅಲ್ಲಲ್ಲಿ ಸುರಿಸುವ ಮಳೆಯಾದ್ದರಿಂದ ಒಂದು ತೋಟಕ್ಕೆ ಬಿದ್ದದ್ದು ಪಕ್ಕದ ತೋಟಕ್ಕೆ ಬೀಳದಿರಬಹುದು. ಜಾಗತಿಕ ಹವಾಮಾನ ಮಾದರಿಗಳಾದರೋ ನೆಲವನ್ನು ಸುಮಾರು ನೂರು ಕಿಲೋಮೀಟರಿನ ಚೌಕಗಳಾಗಿ ನೋಡುತ್ತವೆ. ಬಿಸಿಲೆಯ ಘಟ್ಟದಂಚಿನಿಂದ ಆಲೂರಿನ ಅರೆಮಲೆನಾಡಿಗೆ ಬರುವಷ್ಟರಲ್ಲಿ ಮಳೆ ಎಷ್ಟು ಇಳಿಯುತ್ತದೆಂಬುದು ಅಂಥ ಒಂದೇ ಚೌಕದಲ್ಲಿ ಕರಗಿಹೋಗುತ್ತದೆ. ಮುಂಗಾರಿನ ಮೇಲೂ ಮನುಷ್ಯನ ಪ್ರಭಾವ ಎರಡು ಬಗೆಯದು: ಹಸಿರುಮನೆ ಅನಿಲಗಳು ಮಳೆಯನ್ನು ಹೆಚ್ಚಿಸುವತ್ತ ಎಳೆದರೆ, ಏರೋಸಾಲ್ ಎಂಬ ಹೊಗೆಯ ಸೂಕ್ಷ್ಮ ಕಣಗಳು ತಗ್ಗಿಸುವತ್ತ ಎಳೆಯುತ್ತವೆ.

ಗುಡ್ಡಕುಸಿತದಲ್ಲಿ ಈ ಎರಡು ಪ್ರಶ್ನೆಗಳ ಬೆರಕೆ ಇನ್ನೂ ಹೆಚ್ಚು. 2018ರ ಆಗಸ್ಟ್ ಮಳೆಗೆ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ರೈಲುಮಾರ್ಗದ ಮೇಲೆ ಮಣ್ಣು ಜರಿದು ಸಂಚಾರ ನಿಂತಿತು. ತಾಪ ಒಂದು ಡಿಗ್ರಿ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ತೇವವನ್ನು ಹಿಡಿಯುವುದರಿಂದ ಬಿರುಮಳೆ ಇನ್ನೂ ಬಿರುಸಾಗುವುದೆಂಬಲ್ಲಿ ಒಮ್ಮತವಿದೆ. ಆದರೆ ಸಕಲೇಶಪುರದ ಹತ್ತಿರದ ದೋಣಿಗಾಲ್ ಬಳಿ ಜರಿದ ಗುಡ್ಡವನ್ನು ಹೆದ್ದಾರಿಗಾಗಿ ಕಡಿದಾಗಿ ಕತ್ತರಿಸಿದ್ದು ಯಾವ ಅನಿಲವೂ ಅಲ್ಲ. ಅಲ್ಲಿಯೂ ಕಾರಣ ಮನುಷ್ಯನೇ, ಆದರೆ ವಾತಾವರಣದ ಮೂಲಕ ಬಂದವನಲ್ಲ, ಯಂತ್ರ ಹಿಡಿದು ನೇರವಾಗಿ ಬಂದವನು.