ಮಾರುವವರದೇ ತಕ್ಕಡಿ: ಬೈಜಿಕ ಸಮ್ಮಿಲನದ ರಾಜಕಾರಣ

1951ರ ಮಾರ್ಚ್ 24ರಂದು ಅರ್ಜೆಂಟೀನಾದ ಅಧ್ಯಕ್ಷ ಹ್ವಾನ್ ಪೆರೊನ್ ಪತ್ರಕರ್ತರನ್ನು ಕರೆಸಿ, ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಕ್ರಿಯೆಯನ್ನು ತಮ್ಮ ದೇಶ ಹತೋಟಿಗೆ ತಂದಿದೆ ಎಂದು ಸಾರಿದರು. ಆ ಶಕ್ತಿ ಮುಂದೆ ಹಾಲಿನಂತೆ ಬಾಟಲಿಗಳಲ್ಲಿ ಮಾರಾಟಕ್ಕೆ ಬರುತ್ತದೆಂಬ ಮಾತೂ ಬೆನ್ನಿಗೇ ಹಬ್ಬಿತು. ಪ್ರಯೋಗ ನಡೆದದ್ದು ಬಾರಿಲೋಚೆ ಊರಿನ ಬಳಿಯ ಸರೋವರದಲ್ಲಿರುವ ವೆಮುಲ್ ದ್ವೀಪದಲ್ಲಿ. ನಡೆಸಿದವರು ಆಸ್ಟ್ರಿಯಾ ಮೂಲದ ರೊನಾಲ್ಡ್ ರಿಕ್ಟರ್. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಪ್ರಸಂಗ ಎಂದು ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಆ ಟೊಳ್ಳು ಸುದ್ದಿಯೇ ಎರಡು ಗಟ್ಟಿ ಯೋಜನೆಗಳಿಗೆ ದಾರಿ ಮಾಡಿಕೊಟ್ಟಿತು. ಅದನ್ನು ಓದಿದ ಪ್ರಿನ್ಸ್‌ಟನ್ನಿನ ಖಗೋಳ ವಿಜ್ಞಾನಿ ಲೈಮನ್ ಸ್ಪಿಟ್ಜರ್, ಹಿಮದಲ್ಲಿ ಸ್ಕೀ ಆಡಲು ಹೋದ ರಜೆಯಲ್ಲೇ ಸ್ಟೆಲರೇಟರ್ ಎಂಬ ಯಂತ್ರದ ಕಲ್ಪನೆ ಕಟ್ಟಿದರು. ಅದೇ ವರ್ಷ ಅಮೆರಿಕದ ಪರಮಾಣು ಶಕ್ತಿ ಆಯೋಗ ಹಣ ಕೊಟ್ಟಿತು. ಮಾಸ್ಕೋದಲ್ಲಿ ಭೌತವಿಜ್ಞಾನಿಗಳಾದ ಸಖರೋವ್ ಮತ್ತು ತಾಮ್ 1950ರಲ್ಲೇ ಯೋಚಿಸಿಟ್ಟಿದ್ದ ಕಾಂತಕ್ಷೇತ್ರದ ಉಪಾಯಕ್ಕೂ ಆಗಲೇ ಸರ್ಕಾರದ ಒಪ್ಪಿಗೆ ಸಿಕ್ಕಿತು.

ರಿಕ್ಟರ್ ಅವರ ಬಣ್ಣ ಬಯಲಾದದ್ದು 1952ರಲ್ಲಿ. ಇಂಗ್ಲೆಂಡಿನಲ್ಲಿದ್ದ ಯುವ ಭೌತವಿಜ್ಞಾನಿ ಹೊಸೆ ಆಂಟೊನಿಯೊ ಬಾಲ್ಸೇರೊ ಅವರನ್ನು ಪರಿಶೀಲನೆಗಾಗಿ ಸ್ವದೇಶಕ್ಕೆ ಕರೆಸಲಾಯಿತು. ಪರಿಶೀಲನಾ ತಂಡ ಜೊತೆಗೆ ಕೊಂಡೊಯ್ದಿದ್ದ ಉಪಕರಣಗಳಲ್ಲಿ ವಿಕಿರಣದ ಸುಳಿವೇ ಕಾಣಲಿಲ್ಲ.

ಸಮ್ಮಿಲನದ ಇತಿಹಾಸವನ್ನು ಸಾಮಾನ್ಯವಾಗಿ ಯಂತ್ರಗಳ ಇತಿಹಾಸವಾಗಿ ಬರೆಯುತ್ತಾರೆ. ಅದನ್ನು ಅಳತೆಯ ಇತಿಹಾಸವಾಗಿ ಓದಬೇಕೆಂಬುದು ಈ ಲೇಖನದ ವಾದ. ಕೋಟಿ ಡಿಗ್ರಿಯ ಪ್ಲಾಸ್ಮಾಕ್ಕೆ, ಅಂದರೆ ಅಯಾನು ಮತ್ತು ಎಲೆಕ್ಟ್ರಾನುಗಳಾಗಿ ಒಡೆದ ಅನಿಲಕ್ಕೆ, ಯಾವ ಉಷ್ಣಮಾಪಕವನ್ನೂ ಮುಟ್ಟಿಸಲಾಗದು; ತಾಪವನ್ನು ಪರೋಕ್ಷವಾಗಿ ಊಹಿಸಬೇಕು. ಊಹೆಗೆ ಎಡೆಯಿದ್ದಲ್ಲಿ ದೇಶದ ಪ್ರತಿಷ್ಠೆಯೂ ನುಸುಳುತ್ತದೆ.

1955ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ನಡೆದ ಪರಮಾಣು ಶಕ್ತಿಯ ಶಾಂತಿಯುತ ಬಳಕೆಯ ವಿಶ್ವಸಮ್ಮೇಳನಕ್ಕೆ ಹೋಮಿ ಭಾಭಾ ಅಧ್ಯಕ್ಷರು. ಹಿಂದೊಮ್ಮೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಬೆನ್ನುಹತ್ತಿದ್ದವರು. ಇನ್ನೆರಡು ದಶಕಗಳಲ್ಲಿ ಸಮ್ಮಿಲನ ಶಕ್ತಿಯನ್ನು ಹತೋಟಿಯಲ್ಲಿ ಪಡೆಯುವ ವಿಧಾನ ಸಿಗುತ್ತದೆ, ಆಗ ಸಮುದ್ರದಲ್ಲಿರುವ ಭಾರಜಲಜನಕವೇ ಇಂಧನವಾಗುತ್ತದೆ ಎಂದು ಅವರು ಭವಿಷ್ಯ ನುಡಿದರು. ಭಾರತದಲ್ಲಿ ಆಗ ಇಂಥ ಯಂತ್ರ ಒಂದೂ ಇರಲಿಲ್ಲ. ಆ ಮಾತಿನ ತೂಕವಿದ್ದದ್ದೂ ಅಲ್ಲೇ ಎಂದು ನನಗನ್ನಿಸುತ್ತದೆ: ಬಚ್ಚಿಡಲು ಏನೂ ಇಲ್ಲದವರು, ಬಚ್ಚಿಟ್ಟವರ ನಡುವೆ ನಿಂತು ಗುಟ್ಟಿನ ಹೆಸರೆತ್ತಿದರು. ತಮ್ಮಲ್ಲೂ ಅಂಥ ಸಂಶೋಧನೆ ಗುಟ್ಟಾಗಿ ನಡೆದಿದೆಯೆಂದು ಅಮೆರಿಕ ಆ ಸಮ್ಮೇಳನದ ಹೊತ್ತಿಗೇ ಒಪ್ಪಿಕೊಳ್ಳಬೇಕಾಯಿತು.

ಮರುವರ್ಷದ ಏಪ್ರಿಲ್‌ನಲ್ಲಿ ಕ್ರುಶ್ಚೇವ್ ಜೊತೆ ಬ್ರಿಟನ್ನಿಗೆ ಬಂದ ಸೋವಿಯತ್ ಪರಮಾಣು ವಿಜ್ಞಾನಿ ಇಗೊರ್ ಕುರ್ಚಾತೊವ್, ಹಾರ್ವೆಲ್ ಪ್ರಯೋಗಾಲಯದಲ್ಲಿ ಸೋವಿಯತ್ ಪ್ರಯೋಗಗಳನ್ನು ಬಿಚ್ಚಿಟ್ಟರು. ಜೊತೆಗೆ ಒಂದು ಎಚ್ಚರಿಕೆ ಕೊಟ್ಟರು: ನ್ಯೂಟ್ರಾನ್ ಕಂಡ ಮಾತ್ರಕ್ಕೆ ಸಮ್ಮಿಲನದ ತಾಪ ಬಂದಿದೆಯೆಂದು ನಂಬಬೇಡಿ. ಪ್ಲಾಸ್ಮಾ ಅಲುಗಾಡಿದಾಗ ಕೆಲವೇ ಅಯಾನುಗಳು ವೇಗ ಪಡೆದು ಡಿಕ್ಕಿ ಹೊಡೆದರೂ ನ್ಯೂಟ್ರಾನ್ ಹೊಮ್ಮುತ್ತದೆ. ಅದನ್ನು ಕೇಳಿಸಿಕೊಂಡ ಹಾರ್ವೆಲ್ಲೇ ಎರಡು ವರ್ಷ ಕಳೆಯುವುದರೊಳಗೆ ಅದೇ ಗುಂಡಿಗೆ ಬಿತ್ತು. 1958ರ ಜನವರಿಯಲ್ಲಿ ಅಲ್ಲಿನ ಮುಖ್ಯಸ್ಥ ಜಾನ್ ಕಾಕ್‌ಕ್ರಾಫ್ಟ್ ತಮ್ಮ ಝೀಟಾ ಯಂತ್ರದ ನ್ಯೂಟ್ರಾನುಗಳು ಸಮ್ಮಿಲನದವೇ ಎಂಬುದು ಶೇ. 90ರಷ್ಟು ಖಚಿತ ಎಂದರು. ಸ್ಪುಟ್ನಿಕ್ ಹಾರಿ ನಾಲ್ಕು ತಿಂಗಳೂ ಆಗಿರಲಿಲ್ಲ. ಪಶ್ಚಿಮಕ್ಕೊಂದು ಗೆಲುವು ಬೇಕಿತ್ತು, ಪತ್ರಿಕೆಗಳು ಕುಣಿದಾಡಿದವು. ಮೇ ತಿಂಗಳಲ್ಲಿ ಬ್ರಿಟನ್ ಮಾತು ಹಿಂತೆಗೆದುಕೊಂಡಿತು. ಅದೇ ಸೆಪ್ಟೆಂಬರಿನ ಎರಡನೇ ಜಿನೀವಾ ಸಮ್ಮೇಳನದಲ್ಲಿ ಮೂರೂ ದೇಶಗಳು ತಮ್ಮ ಸಂಶೋಧನೆಯನ್ನು ಬಹಿರಂಗಪಡಿಸಿದವು.

ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಘಟ್ಟ ಹತ್ತು ವರ್ಷಗಳ ನಂತರದ್ದು. 1968ರಲ್ಲಿ ನೊವೊಸಿಬಿರ್ಸ್ಕ್ ಸಮ್ಮೇಳನದಲ್ಲಿ ಸೋವಿಯತ್ ಭೌತವಿಜ್ಞಾನಿ ಲೆವ್ ಆರ್ಟ್ಸಿಮೊವಿಚ್, ಸಖರೋವ್-ತಾಮ್ ಉಪಾಯದಿಂದ ಬೆಳೆದ ತಮ್ಮ ಟೋಕಮಾಕ್ ಯಂತ್ರ ಟಿ-3 ಕೋಟಿ ಡಿಗ್ರಿ ಮುಟ್ಟಿದೆ ಎಂದಾಗ ಪಶ್ಚಿಮದವರು ನಂಬಲಿಲ್ಲ. ಆರ್ಟ್ಸಿಮೊವಿಚ್ ವಾದಕ್ಕಿಳಿಯಲಿಲ್ಲ, ಬ್ರಿಟನ್ನಿನ ಕಲ್ಹ್ಯಾಮ್ ಪ್ರಯೋಗಾಲಯದವರನ್ನು, ನೀವೇ ಬಂದು ಅಳೆಯಿರಿ ಎಂದು ಕರೆದರು. ಸೋವಿಯತ್ ಟ್ಯಾಂಕುಗಳು ಪ್ರಾಗ್ ಹೊಕ್ಕದ್ದು ಅದೇ ಆಗಸ್ಟ್‌ನಲ್ಲಿ. ಆದರೂ 1969ರಲ್ಲಿ ನಿಕೋಲ್ ಪೀಕಾಕ್ ಅವರ ತಂಡ ಟನ್ನುಗಟ್ಟಲೆ ಸರಂಜಾಮಿನೊಂದಿಗೆ ಮಾಸ್ಕೋ ತಲುಪಿತು. ಪ್ಲಾಸ್ಮಾದೊಳಕ್ಕೆ ಲೇಸರ್ ಹಾಯಿಸಿ, ಎಲೆಕ್ಟ್ರಾನುಗಳಿಂದ ಚದುರಿದ ಬೆಳಕಿನ ತರಂಗಾಂತರ ಎಷ್ಟು ಹರಡಿತೆಂದು ನೋಡಿ ತಾಪ ಲೆಕ್ಕ ಹಾಕುವುದು ಅವರ ವಿಧಾನ. ಲೆಕ್ಕ ರಷ್ಯನ್ನರ ಪರವಾಗಿಯೇ ಬಂತು. ಮುಂದಿನ ವರ್ಷ ಪ್ರಿನ್ಸ್‌ಟನ್ ತನ್ನ ದೊಡ್ಡ ಸ್ಟೆಲರೇಟರನ್ನೇ ಟೋಕಮಾಕ್ ಆಗಿ ಮಾರ್ಪಡಿಸಿತು. ವೈರಿಯ ಕೈಗೆ ತಕ್ಕಡಿ ಕೊಟ್ಟದ್ದರಿಂದ ಜಗತ್ತೇ ತನ್ನ ವಿನ್ಯಾಸ ಬದಲಿಸಿತು.

1985ರಲ್ಲಿ ರೇಗನ್ ಮತ್ತು ಗೋರ್ಬಚೇವ್ ಭೇಟಿಯಲ್ಲಿ ಮೊಳೆತ ಈಟರ್, ಅಂದರೆ ಹಲವು ದೇಶಗಳು ಜೊತೆಗೂಡಿ ಟೋಕಮಾಕ್ ಕಟ್ಟುವ ಯೋಜನೆ, ಈ ನಂಬಿಕೆಯದೇ ಸಂತಾನ. ಅಲ್ಲಿಯೂ ಜಗಳವಿತ್ತು. ಯಂತ್ರ ಫ್ರಾನ್ಸಿನ ಕದರಾಷ್‌ನಲ್ಲೋ ಜಪಾನಿನ ರೊಕ್ಕಾಶೊದಲ್ಲೋ ಎಂಬ ತಕರಾರಿನಲ್ಲಿ ಅಮೆರಿಕ ಜಪಾನ್ ಕಡೆ, ಚೀನಾ ಮತ್ತು ರಷ್ಯಾ ಫ್ರಾನ್ಸ್ ಕಡೆ ನಿಂತವು. ಇರಾಕ್ ಯುದ್ಧಕ್ಕೆ ಫ್ರಾನ್ಸ್ ಒಡ್ಡಿದ ವಿರೋಧದ ಸಿಟ್ಟೇ ಅಮೆರಿಕದ ಈ ನಿಲುವಿಗೆ ಕಾರಣವೆಂದು ಆಗ ಹಲವರು ಬರೆದರು. 2005ರ ಜೂನ್‌ನಲ್ಲಿ ಫ್ರಾನ್ಸ್ ಗೆದ್ದಿತು. ಅದೇ ಡಿಸೆಂಬರಿನಲ್ಲಿ ಭಾರತ ಏಳನೆಯ ಪಾಲುದಾರನಾಗಿ ಸೇರಿತು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆ 1989ರಿಂದಲೇ ‘ಆದಿತ್ಯ’ ಟೋಕಮಾಕ್ ನಡೆಸುತ್ತಿದ್ದರಿಂದ ಬರಿಗೈಯಲ್ಲಿ ಹೋಗಬೇಕಾಗಲಿಲ್ಲ. ಯಂತ್ರವನ್ನು ಸುತ್ತುವರಿದ ಸುಮಾರು 3,850 ಟನ್ನಿನ ಉಕ್ಕಿನ ಶೀತಕವಚದ (ಕ್ರಯೊಸ್ಟಾಟ್) ಭಾಗಗಳು ಗುಜರಾತಿನ ಹಜೀರಾದಲ್ಲಿ ತಯಾರಾದವು. ಉಕ್ರೇನ್ ಯುದ್ಧದ ನಡುವೆಯೂ, 2022ರ ನವೆಂಬರಿನಲ್ಲಿ ರಷ್ಯಾ ತನ್ನ ಪಾಲಿನ ಬೃಹತ್ ಕಾಂತಸುರುಳಿಯನ್ನು ಫ್ರಾನ್ಸಿಗೆ ಹಡಗೇರಿಸಿತು.

ಅಳತೆಯ ತಂಟೆ ಮಾತ್ರ ತೀರಿಲ್ಲ. 2022ರ ಡಿಸೆಂಬರ್ 5ರಂದು ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ 2.05 ಮೆಗಾಜೂಲ್ ಲೇಸರ್ ಶಕ್ತಿ ಹಾಯಿಸಿ 3.15 ಮೆಗಾಜೂಲ್ ಸಮ್ಮಿಲನ ಶಕ್ತಿ ಪಡೆದರು. ಸಾಧನೆ ನಿಜ. ಆದರೆ ಆ ಲೇಸರುಗಳನ್ನು ಹೊತ್ತಿಸಲು ವಿದ್ಯುತ್ ಜಾಲದಿಂದ ಎಳೆದದ್ದು ಸುಮಾರು 300 ಮೆಗಾಜೂಲ್. ಲೆಕ್ಕ ಎಲ್ಲಿಂದ ಶುರುವಾಯಿತು ಎನ್ನುವುದರ ಮೇಲೆ ಲಾಭವೂ ನಷ್ಟವೂ ನಿಂತಿದೆ. ಈಗ ಖಾಸಗಿ ಕಂಪನಿಗಳೂ ಗಡುವು ಹೇಳತೊಡಗಿವೆ. ಯಾರ ಯಂತ್ರದೊಳಕ್ಕೆ ಹೊರಗಿನವರ ಅಳತೆಯ ಲೇಸರ್ ಹಾಯ್ದಿದೆ ಎಂದು ಮೊದಲು ಕೇಳಬೇಕು.

ಭಾಭಾ ಹೇಳಿದ ಎರಡು ದಶಕ 1975ಕ್ಕೇ ಮುಗಿದಿತ್ತು. ಈಟರ್‌ನಲ್ಲಿ ಡ್ಯೂಟೀರಿಯಂ-ಟ್ರಿಟಿಯಂ ಇಂಧನದ ಪ್ರಯೋಗ 2039ಕ್ಕೆ ಎಂದು 2024ರ ಜುಲೈಯಲ್ಲಿ ಪ್ರಕಟವಾಗಿದೆ. ಆ ಯಂತ್ರ ವಿದ್ಯುತ್ ಉತ್ಪಾದಿಸುವುದಿಲ್ಲ.