ಕೊಂದದ್ದು ಔಷಧವಲ್ಲ, ಅದರ ಜೊತೆಗಾರ

ಮನೆಯಲ್ಲಿ ವಿಟಮಿನ್ ಮಾತ್ರೆಯ ಡಬ್ಬಿ ಇದ್ದರೆ ಒಮ್ಮೆ ತಿರುಗಿಸಿ ನೋಡಿ ವೀಕ್ಷಕರೇ. ಮುಂದೆ ದಪ್ಪ ಅಕ್ಷರದಲ್ಲಿ ವಿಟಮಿನ್ ಹೆಸರು. ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಟಾಲ್ಕ್, ಮೆಗ್ನೀಷಿಯಂ ಸ್ಟಿಯರೇಟ್, ಟೈಟಾನಿಯಂ ಡೈಆಕ್ಸೈಡ್ ಇಂಥ ಹೆಸರುಗಳು ಕಾಣಬಹುದು. ಈಗ ಮಿನರಲ್ ಮೇಕಪ್ ಡಬ್ಬಿ ನೋಡಿ. ಅಲ್ಲೂ ಎಷ್ಟೋ ಸಲ ಅದೇ ಟಾಲ್ಕ್, ಅದೇ ಟೈಟಾನಿಯಂ! ಕೆನ್ನೆಗೆ ಹಚ್ಚೋದಕ್ಕೂ ಹೊಟ್ಟೆಗೆ ಹಾಕೋದಕ್ಕೂ ಒಂದೇ ಭರ್ತಿ ಸಾಮಾನು.

ಗಾತ್ರ ತುಂಬಲು, ಯಂತ್ರಕ್ಕೆ ಅಂಟದಿರಲು, ಬಿಳುಪು ಬರಲು ಇವನ್ನು ಸೇರಿಸ್ತಾರೆ. 'ಇದರಿಂದೇನೂ ಆಗಲ್ಲ ಬಿಡಿ' ಅಂತಾರೆ. ಬಹಳಷ್ಟು ಸಲ ಆಗೋದೂ ಇಲ್ಲ. ಆದರೆ ಆದಾಗ ಏನಾಯ್ತು? ಇತಿಹಾಸ ಹೇಳುತ್ತೆ ಕೇಳಿ.

1937, ಅಮೆರಿಕ. ಸಲ್ಫಾನಿಲಮೈಡ್ ಅನ್ನೋ ಒಳ್ಳೆಯ ಔಷಧ ಆಗಷ್ಟೇ ಬಂದಿತ್ತು. ಅದನ್ನು ದ್ರವರೂಪದಲ್ಲಿ ಮಾರಲು ಟೆನೆಸ್ಸಿಯ ಮ್ಯಾಸೆಂಗಿಲ್ ಕಂಪನಿ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ, ರಾಸ್ಪ್‌ಬೆರಿ ರುಚಿ ಸೇರಿಸಿತು. ಬಣ್ಣ, ರುಚಿ, ವಾಸನೆ ಎಲ್ಲ ಪರೀಕ್ಷೆ ಆಯ್ತು. ವಿಷವೋ ಅಲ್ಲವೋ ಅನ್ನೋದೊಂದು ಬಿಟ್ಟು! ನೂರಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಪುಟ್ಟ ಮಕ್ಕಳೂ ಇದ್ದರು. ಕೊಂದದ್ದು ಔಷಧವಲ್ಲ, ಅದನ್ನು ಕರಗಿಸಿದ ದ್ರವ.

ಇನ್ನೂ ದೊಡ್ಡ ಅನ್ಯಾಯ ಮುಂದಿದೆ. ಆಗಿನ ಕಾನೂನಿನಲ್ಲಿ ಮಾರುವ ಮುಂಚೆ ಸುರಕ್ಷತೆ ಸಾಬೀತು ಮಾಡಬೇಕಿರಲಿಲ್ಲ. ಸರ್ಕಾರಕ್ಕೆ ಸಿಕ್ಕ ಹಿಡಿ ಒಂದೇ: 'ಎಲಿಕ್ಸಿರ್' ಅಂದರೆ ಆಲ್ಕೋಹಾಲ್ ಇರಬೇಕು, ಇದರಲ್ಲಿಲ್ಲ, ಹಾಗಾಗಿ ಹೆಸರು ತಪ್ಪು! ಮಕ್ಕಳು ಸತ್ತದ್ದಕ್ಕಲ್ಲ ಸ್ವಾಮಿ, ಹೆಸರು ತಪ್ಪಾದದ್ದಕ್ಕೆ ದಂಡ. 1938ರಲ್ಲಿ ಹೊಸ ಕಾನೂನು ಬಂತು. ಸೌಂದರ್ಯವರ್ಧಕಗಳನ್ನೂ ಅದರ ಕೆಳಗೆ ತಂದರು.

ನಾವು ಪಾಠ ಕಲಿತೆವಾ? 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಅದೇ ವಿಷ ಬೆರೆತ ಗ್ಲಿಸರಾಲ್‌ನಿಂದ 14 ರೋಗಿಗಳು ಸತ್ತರು. 2022ರಲ್ಲಿ ಗ್ಯಾಂಬಿಯಾದ ಮಕ್ಕಳ ಸಾವುಗಳ ನಂತರ, ಭಾರತದಲ್ಲಿ ತಯಾರಾದ ಸಿರಪ್‌ಗಳಲ್ಲಿ ಅದೇ ವಿಷ ಸಿಕ್ಕಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು.

ಇನ್ನು ಟಾಲ್ಕ್. ನಮ್ಮ ಬಳಪದ ಕಲ್ಲಿನಲ್ಲಿರೋ ಮೆತ್ತನೆಯ ಖನಿಜ ಇದೇ. ತೊಂದರೆ ಏನಂದ್ರೆ, ಭೂಮಿಯೊಳಗೆ ಟಾಲ್ಕ್ ಇರೋ ಕಡೆ ಕೆಲವೊಮ್ಮೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಕೂಡ ಇರುತ್ತೆ. ಅದು ಕ್ಯಾನ್ಸರ್ ತರುವ ನಾರು. ಅಮೆರಿಕದ ಸೌಂದರ್ಯವರ್ಧಕ ಉದ್ಯಮ 1976ರಲ್ಲಿ ಇದಕ್ಕೊಂದು ಪರೀಕ್ಷಾ ಮಾನದಂಡ ಮಾಡಿಕೊಂಡಿತು. ಅದೂ ಸ್ವಯಂಪ್ರೇರಿತ! 2019ರಲ್ಲೂ ಅಲ್ಲಿನ ಎಫ್‌ಡಿಎ ಕೆಲವು ಮೇಕಪ್ ಪುಡಿಗಳಲ್ಲಿ ಕಲ್ನಾರು ಪತ್ತೆ ಮಾಡಿತು. 'ಮಿನರಲ್' ಅಂದ ಕೂಡಲೇ ನೈಸರ್ಗಿಕ, ಶುದ್ಧ ಅಂದುಕೊಳ್ತೀವಲ್ಲ? ಕಲ್ನಾರೂ ಮಿನರಲ್ಲೇ. ಅದೂ ನೈಸರ್ಗಿಕವೇ.

ಟೈಟಾನಿಯಂ ಡೈಆಕ್ಸೈಡ್ ಕಥೆ ಕೇಳಿ. ಅದು ಡಿಎನ್‌ಎಗೆ ಹಾನಿ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದು ಯುರೋಪಿನ ತಜ್ಞರು 2021ರಲ್ಲಿ ಹೇಳಿದರು. 2022ರಲ್ಲಿ ಯುರೋಪಿಯನ್ ಒಕ್ಕೂಟ ಆಹಾರದಲ್ಲಿ ಅದನ್ನು ನಿಷೇಧಿಸಿತು. ಬರೀ ಬಿಳುಪಿಗಾಗಿ ಹಾಕೋ ವಸ್ತುವಿಗೆ ಅಷ್ಟು ಅನುಮಾನ ಸಾಕು. ಅಮೆರಿಕದಲ್ಲೋ, 1994ರ ಕಾನೂನಿನ ಪ್ರಕಾರ ಪೂರಕ ಆಹಾರಗಳಿಗೆ ಔಷಧದಂತೆ ಮಾರಾಟಪೂರ್ವ ಅನುಮೋದನೆಯೇ ಬೇಕಿಲ್ಲ.

ಡಬ್ಬಿಗಳನ್ನೆಲ್ಲ ಬೀದಿಗೆ ಎಸೆಯಿರಿ ಅಂತ ನಾನು ಹೇಳ್ತಿಲ್ಲ. ಆದರೆ ಅಕ್ಕಿಯಲ್ಲಿ ಒಂದು ಕಲ್ಲು ಸಿಕ್ಕರೆ ಅಂಗಡಿಯವನ ಜತೆ ಜಗಳಕ್ಕೆ ನಿಲ್ಲೋ ನಾವು, ಮಾತ್ರೆಯಲ್ಲಿರೋ ಕಲ್ಲಿನ ಪುಡಿಗೆ ದುಡ್ಡು ಕೊಟ್ಟು ಸುಮ್ಮನಿರ್ತೀವಿ. ಭರ್ತಿ ಸಾಮಾನು ಎಲ್ಲಿಂದ ಬಂತು, ಯಾರು ಪರೀಕ್ಷೆ ಮಾಡಿದರು? ಕಂಪನಿಗಳನ್ನೂ ಸರ್ಕಾರವನ್ನೂ ಈಗಲೇ ಕೇಳೋಣ. 1937ರಲ್ಲಿ ಈ ಪ್ರಶ್ನೆ ಬಂದದ್ದು ಹೆಣಗಳು ಬಿದ್ದ ಮೇಲೆ.