ಕೊರೋನಾ ಸೋಂಕು: ಗರ್ಭಿಣಿ, ನವಜಾತ ಶಿಶುವಿನ ಆರೈಕೆ ಹೇಗೆ?

ಸೋಂಕಿತ ತಾಯಿಯಿಂದ ಹಸುಗೂಸನ್ನು ಬೇರ್ಪಡಿಸಬೇಕೇ? 2020ರಲ್ಲಿ ಕೊರೋನಾ ಹರಡಿದಾಗ ಹೆರಿಗೆ ಆಸ್ಪತ್ರೆಗಳನ್ನು ಬಹುವಾಗಿ ಕಾಡಿದ ಪ್ರಶ್ನೆಯಿದು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿಯು ಆ ವರ್ಷದ ಏಪ್ರಿಲ್‌ನಲ್ಲಿ ತಾತ್ಕಾಲಿಕ ಬೇರ್ಪಡಿಕೆಗೆ ಸಲಹೆ ನೀಡಿ, ಜುಲೈನಲ್ಲಿ ನಿಲುವು ಬದಲಿಸಿತು. ತಾಯಿ-ಮಗು ಒಟ್ಟಿಗಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟ ಅಭಿಪ್ರಾಯ. ಜಾಗತಿಕ ತುರ್ತು ಸ್ಥಿತಿಯು 2023ರ ಮೇ 5ರಂದು ಕೊನೆಗೊಂಡರೂ ವೈರಾಣು ಮರೆಯಾಗಿಲ್ಲವಾದ್ದರಿಂದ ಈ ಮಾಹಿತಿ ಇಂದಿಗೂ ಪ್ರಸ್ತುತ.

ಗರ್ಭಿಣಿಗೆ ಅಪಾಯವೇನು?

ಬಹುತೇಕ ಗರ್ಭಿಣಿಯರಲ್ಲಿ ಸೋಂಕು ಸೌಮ್ಯವಾಗಿರುತ್ತದೆ. ಆದರೆ ಅದು ತೀವ್ರಗೊಳ್ಳುವ ಸಾಧ್ಯತೆ ಇತರ ಮಹಿಳೆಯರಿಗಿಂತ ಅಧಿಕ. ಅವಧಿಪೂರ್ವ ಹೆರಿಗೆಯ ಸಂಭವವೂ ಹೆಚ್ಚು. 35 ವರ್ಷ ಮೀರಿದವರು, ಸ್ಥೂಲಕಾಯ, ರಕ್ತದೊತ್ತಡ ಅಥವಾ ಮಧುಮೇಹ ಉಳ್ಳವರು ವಿಶೇಷ ಎಚ್ಚರಿಕೆ ವಹಿಸಬೇಕು. ಭಾರತದಲ್ಲಿ ಗರ್ಭಿಣಿಯರಿಗೆ ಲಸಿಕೆ ನೀಡಲು ಕೇಂದ್ರ ಆರೋಗ್ಯ ಸಚಿವಾಲಯವು 2021ರ ಜುಲೈ 2ರಂದು ಅನುಮತಿ ನೀಡಿತು.

ಜ್ವರಕ್ಕೆ ವೈದ್ಯರ ಸಲಹೆಯಂತೆ ಪ್ಯಾರಸಿಟಮಾಲ್ ಸೇವಿಸಬಹುದು. ಸ್ವಯಂ ಚಿಕಿತ್ಸೆ ಸಲ್ಲದು. ಕೊರೋನಾಗೆ ಬಳಕೆಯಲ್ಲಿರುವ ಮೊಲ್ನುಪಿರವಿರ್ ಮಾತ್ರೆಯನ್ನು ಗರ್ಭಿಣಿಯರಿಗೆ ಶಿಫಾರಸು ಮಾಡಿಲ್ಲ. ಉಸಿರಾಟದ ತೊಂದರೆ, ಎದೆನೋವು, ರಕ್ತಸ್ರಾವ, ಮಗುವಿನ ಚಲನೆ ಕಡಿಮೆಯಾಗುವಿಕೆ ಅಥವಾ ರಕ್ತದ ಆಮ್ಲಜನಕ ಪ್ರಮಾಣ ಶೇ. 95ಕ್ಕಿಂತ ಕೆಳಗಿಳಿದಲ್ಲಿ ತಡಮಾಡದೆ ಆಸ್ಪತ್ರೆಗೆ ತೆರಳಬೇಕು. 108 ಆಂಬುಲೆನ್ಸ್‌ಗೆ ಕರೆ ಮಾಡುವಾಗ ಗರ್ಭಿಣಿಯೆಂದೂ ಸೋಂಕಿದೆಯೆಂದೂ ತಿಳಿಸುವುದು ಒಳಿತು.

ಸಿಸೇರಿಯನ್ ಅನಿವಾರ್ಯವೇ?

ಅಲ್ಲ. ಸೋಂಕೊಂದೇ ಶಸ್ತ್ರಚಿಕಿತ್ಸೆಗೆ ಕಾರಣವಾಗದು. ತಾಯಿ-ಮಗುವಿನ ಸ್ಥಿತಿಯನ್ನು ಆಧರಿಸಿ ವೈದ್ಯರು ನಿರ್ಧರಿಸುತ್ತಾರೆ. ಗರ್ಭದಲ್ಲಿ ಮಗುವಿಗೆ ಸೋಂಕು ತಗಲುವುದು ಅಪರೂಪ.

ಎದೆಹಾಲು ನೀಡಬಹುದೇ?

ಅಗತ್ಯವಾಗಿ ನೀಡಬಹುದು. ಹೆರಿಗೆಯಾದ ಒಂದು ಗಂಟೆಯೊಳಗೆ ಆರಂಭಿಸಿ, ಆರು ತಿಂಗಳವರೆಗೆ ಎದೆಹಾಲನ್ನಷ್ಟೇ ನೀಡಬೇಕು. ಸೋಂಕಿತ ತಾಯಿ ಪಾಲಿಸಬೇಕಾದ ಕ್ರಮಗಳು:

* ಮಗುವನ್ನು ಎತ್ತಿಕೊಳ್ಳುವ ಮೊದಲು ಸಾಬೂನಿನಿಂದ ಕೈತೊಳೆಯುವುದು.
* ಹಾಲೂಡಿಸುವಾಗ ಮಾಸ್ಕ್ ಧರಿಸುವುದು. ಮಗುವಿಗೆ ಮಾತ್ರ ಮಾಸ್ಕ್ ಹಾಕಕೂಡದು, ಉಸಿರುಗಟ್ಟುವ ಅಪಾಯವಿದೆ.
* ಹಾಲೂಡಿಸಲಾಗದಷ್ಟು ನಿತ್ರಾಣವಿದ್ದರೆ ಹಾಲನ್ನು ಹಿಂಡಿ, ಆರೋಗ್ಯವಂತರಿಂದ ಶುದ್ಧ ಬಟ್ಟಲು-ಚಮಚದಲ್ಲಿ ಕುಡಿಸುವುದು.

ಕಡಿಮೆ ತೂಕದ ಮಗುವನ್ನು ತಾಯಿಯ ಎದೆಗೆ ಒರಗಿಸಿಡುವ ಕಾಂಗರೂ ಆರೈಕೆಯನ್ನೂ ನಿಲ್ಲಿಸಬೇಕಿಲ್ಲ. ಈ ಆರೈಕೆ ಎಲ್ಲ ಅರ್ಹ ಶಿಶುಗಳಿಗೂ ದೊರೆತಲ್ಲಿ 1,25,000ಕ್ಕೂ ಅಧಿಕ ಶಿಶುಗಳ ಜೀವ ಉಳಿಯಬಲ್ಲದೆಂದೂ, ಸೋಂಕಿನಿಂದ ಸಂಭವಿಸಬಹುದಾದ ಸಾವುಗಳು 2,000ಕ್ಕಿಂತ ಕಡಿಮೆಯೆಂದೂ 2021ರ ಮಾರ್ಚ್‌ನಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತ್ತು. ಬೇರ್ಪಡಿಕೆಯೇ ದೊಡ್ಡ ಅಪಾಯವೆಂಬುದು ಇದರಿಂದ ವಿದಿತ.

ಮನೆಯಲ್ಲಿ ಗಮನಿಸಬೇಕಾದ್ದು

ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಸಾಂಬ್ರಾಣಿ ಹೊಗೆ ಹಾಕುವ ರೂಢಿ ನಮ್ಮಲ್ಲಿದೆ. ಗಾಳಿಯಾಡದ ಕೋಣೆಯಲ್ಲಿ ವೈರಾಣು ಸುಲಭವಾಗಿ ಹರಡುತ್ತದೆ. ಹೊಗೆಯಿಂದ ಶಿಶುವಿನ ಉಸಿರಾಟಕ್ಕೂ ತೊಂದರೆ. ಮಗುವನ್ನು ಬೆಚ್ಚಗೆ ಹೊದಿಸಿ, ಕಿಟಕಿ ತೆರೆದಿಡುವುದು ಉಚಿತ. ತಾಯಿ ಗುಣವಾಗುವವರೆಗೆ ಮಗು ನೋಡಲು ಬರುವ ನೆಂಟರಿಷ್ಟರನ್ನು ವಿನಯದಿಂದಲೇ ತಡೆಯಬೇಕು.

ಮಗು ಹಾಲು ಕುಡಿಯದಿದ್ದರೆ, ನಿಮಿಷಕ್ಕೆ 60 ಅಥವಾ ಅದಕ್ಕೂ ಹೆಚ್ಚು ಬಾರಿ ಉಸಿರಾಡುತ್ತಿದ್ದರೆ, ಎದೆಗೂಡು ಒಳಸೆಳೆದರೆ, ಜ್ವರ ಬಂದರೆ, ಮೈ ತಣ್ಣಗಾದರೆ ಅಥವಾ ಫಿಟ್ಸ್ ಕಾಣಿಸಿದರೆ ಕೂಡಲೇ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಬೇಕು. ನಿಗದಿತ ಲಸಿಕೆಗಳನ್ನೂ ತಪ್ಪಿಸಬಾರದು.